ಎಣ್ಣೆಗಾಯಿಯ ಎಣ್ಣೆ

ಕಳೆದ ವಾರ ಧಾರವಾಡದ ಸಂತೆಯಲ್ಲಿ ಎಣ್ಣೆಗಾಯಿಗೆಂದು ಮುಳಗಾಯಿ, ಅಂದರೆ ಬದನೆಕಾಯಿ, ಆರಿಸುತ್ತ ಕೂತಿದ್ದೆ. ಮುಷ್ಟಿಯಲ್ಲಿ ಎರಡು ಹಿಡಿಯುವಷ್ಟು ಚಿಕ್ಕ ಕಾಯಿ, ತೊಟ್ಟಿನ ತುಂಬ ಮುಳ್ಳು, ಹಸಿರಿನ ಮೇಲೆ ನೇರಳೆ ಗೀರು. ತೂತು ಕಂಡದ್ದನ್ನೆಲ್ಲ ಪಕ್ಕಕ್ಕೆ ಸರಿಸುತ್ತಿದ್ದೆ. ಮಾರುವ ಅಜ್ಜಿ ನೋಡಿ ನೋಡಿ ಸಾಕಾಗಿ, ನಾನು ಬಿಟ್ಟ ಒಂದು ಕಾಯಿಯನ್ನೇ ಎತ್ತಿ ಕೈಗೆ ಕೊಟ್ಟಳು. "ಯಪ್ಪಾ, ತೂತ ಇದ್ದದ್ದನ್ಯಾಕ ತಗದ ಒಗೀತಿ? ಹುಳ ತಿಂದೈತಿ ಅಂದ್ರ ಎಣ್ಣಿ ಕಡಿಮಿ ಬಿದ್ದೈತಿ ಅಂತ ತಿಳಿ. ಹುಳಕ ಇದ್ದಷ್ಟ ಕೊಯ್ದ ಒಗದು ಉಳಿದದ್ದು ತಿನ್ನು."

ಎಣ್ಣಿ ಎಂದರೆ ಅಡುಗೆಯ ಎಣ್ಣೆಯಲ್ಲ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೂ ಎಣ್ಣಿ ಎಂದೇ ಹೆಸರು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊರಟವರನ್ನು ಕೇಳಿದರೆ "ಎಣ್ಣಿ ಹೊಡ್ಯಾಕ ಹೊಂಟೀನ್ರಿ" ಎನ್ನುತ್ತಾರೆ. ಅಜ್ಜಿಯ ಲೆಕ್ಕ ಪೂರ್ತಿ ಸರಿಯಲ್ಲ ಎಂಬುದು ಆಮೇಲೆ ತಿಳಿಯಿತು. ಬದನೆಯ ಕಾಯಿಕೊರಕ ಒಳಗೆ ಹೊಕ್ಕುವುದು ಎಳೆಯ ಮರಿಹುಳವಾಗಿದ್ದಾಗ, ಅದೂ ತೊಟ್ಟಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಹೊಕ್ಕ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ನಾವು ನೋಡುವ ದೊಡ್ಡ ತೂತು ಅದು ತಿಂದು ಬೆಳೆದು ಹೊರಗೆ ಹೋದ ಬಾಗಿಲು. ಒಳಗಿರುವ ಹುಳಕ್ಕೆ ಯಾವ ಔಷಧವೂ ಸರಿಯಾಗಿ ತಟ್ಟುವುದಿಲ್ಲ. ಹಾಗಾಗಿ ಹೊಕ್ಕುವ ಮೊದಲೇ ಹೊಡೆಯಬೇಕು. ಯಾವಾಗ ಹೊಕ್ಕುತ್ತದೆಂದು ಗೊತ್ತಿಲ್ಲದ್ದರಿಂದ ಹೊಡೆಯುತ್ತಲೇ ಇರಬೇಕು.

ಮಲಪ್ರಭೆಯ ಕಡೆಯ ಒಬ್ಬ ಬದನೆ ಬೆಳೆಗಾರರು ನನಗೆ ಇದನ್ನೆಲ್ಲ ಒಂದು ಕಾಯಿ ಸೀಳಿ ತೋರಿಸಿದರು. ವಾರಕ್ಕೆ ಎರಡು ಸಲ ಹೊಡೆಯುತ್ತೇವೆ, ಹೊಡೆದ ಮೂರನೇ ದಿನಕ್ಕೆ ಕಾಯಿ ಬಿಡಿಸುವುದೂ ಉಂಟು ಎಂದರು. ಹೇಳುವಾಗ ಅವರ ಮುಖದಲ್ಲಿ ಸಂಕೋಚವಿತ್ತು. ಹೊಲದ ಬದುವಿನ ಹತ್ತಿರ ಹತ್ತು ಹನ್ನೆರಡು ಗಿಡ ಬೇರೆಯಾಗಿ ನಿಂತಿದ್ದವು. ಅವು ಯಾವುವು ಎಂದೆ. "ಅವ ಮನೀಗೆ ರೀ ಸರ. ಅವಕ್ಕ ಎಣ್ಣಿ ಹೊಡ್ಯಾಂಗಿಲ್ಲ" ಎಂದರು. ಮನೆಯ ಮಕ್ಕಳಿಗೆ ತಿನ್ನಿಸಲು ತಾವೇ ಹೆದರುವ ಕಾಯಿ ಸಂತೆಗೆ ಬರುತ್ತದೆ. ಸಂತೆಯಲ್ಲಿ ನಾವು ಅದರ ಹೊಳಪು ನೋಡಿ ಕೊಳ್ಳುತ್ತೇವೆ.

ಕುಲಾಂತರಿ ಆಹಾರದ ಬಗ್ಗೆ ಯಾರೇ ಮಾತು ತೆಗೆದರೂ ನನಗೆ ಆ ಹತ್ತು ಹನ್ನೆರಡು ಗಿಡ ನೆನಪಾಗುತ್ತವೆ. ಬಿಟಿ ಬದನೆ ಹುಟ್ಟಿದ್ದೇ ಈ ಕಾಯಿಕೊರಕದ ವಿರುದ್ಧ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಒಂದು ವಂಶವಾಹಿಯನ್ನು ಗಿಡದೊಳಗೆ ಸೇರಿಸಿದರೆ, ಗಿಡ ತಾನೇ ಒಂದು ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ. ಹುಳ ಅದನ್ನು ತಿಂದರೆ ಅದರ ಕ್ಷಾರೀಯ ಕರುಳಿನಲ್ಲಿ ಆ ಪ್ರೋಟೀನು ಚುರುಕಾಗಿ ಕರುಳನ್ನೇ ತೂತು ಮಾಡುತ್ತದೆ. ನಮ್ಮ ಹೊಟ್ಟೆ ಆಮ್ಲೀಯ, ಆ ಪ್ರೋಟೀನು ಅಂಟಿಕೊಳ್ಳುವ ಕೊಂಡಿಯೂ ನಮ್ಮ ಕರುಳಲ್ಲಿಲ್ಲ, ಆದ್ದರಿಂದ ನಮಗೇನೂ ಆಗದು ಎನ್ನುತ್ತದೆ ವಿಜ್ಞಾನ. ಮಹಿಕೋ ಕಂಪನಿಯ ಜೊತೆ ಈ ಕೆಲಸದಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇತ್ತು, ಕೊಯಮತ್ತೂರಿನದೂ ಇತ್ತು. ಧಾರವಾಡದಲ್ಲಿ ಬಳಸಿದ ತಳಿಗಳ ಹೆಸರು ಕೇಳಿ: ಮಲಾಪುರ ಲೋಕಲ್, ಕುಡಚಿ ಲೋಕಲ್, ಮಂಜರಿ ಗೋಟಾ, ಉಡುಪಿ ಲೋಕಲ್. ತಲೆಮಾರುಗಳಿಂದ ಊರಿನವರು ಬೀಜ ಎತ್ತಿಟ್ಟು ಉಳಿಸಿಕೊಂಡು ಬಂದ ಕಾಯಿಗಳಿವು, ಊರಿನ ಹೆಸರನ್ನೇ ಹೊತ್ತವು. ಜೀವವೈವಿಧ್ಯ ಕಾಯ್ದೆ ಹೇಳುವಂತೆ ಯಾರನ್ನೂ ಕೇಳದೆ ಇವನ್ನು ತೆಗೆದುಕೊಂಡರು ಎಂಬ ದೂರು 2010ರಲ್ಲೇ ಎದ್ದಿತು.

2009ರ ಅಕ್ಟೋಬರ್ 14ರಂದು ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಕ್ಷಣ ಮುದ್ರೆ ಒತ್ತದೆ ಏಳು ನಗರಗಳಲ್ಲಿ ಜನರ ಮುಂದೆ ಕೂತರು. ಕೋಲ್ಕತ್ತದಿಂದ ಶುರುವಾದ ಆ ಸಭೆಗಳು ಮುಗಿದದ್ದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ಒಟ್ಟು ಸುಮಾರು ಎಂಟು ಸಾವಿರ ಜನ ಬಂದಿದ್ದರು. ಮೂರು ದಿನ ಬಿಟ್ಟು, ಫೆಬ್ರುವರಿ 9ರಂದು ಅವರು ಬಿಟಿ ಬದನೆಗೆ ತಡೆ ಹಾಕಿದರು. ಆ ತಡೆ ಇನ್ನೂ ತೆರವಾಗಿಲ್ಲ. ನೆರೆಯ ಬಾಂಗ್ಲಾದೇಶ 2013ರಲ್ಲಿ ಅದೇ ತಂತ್ರದ ಬದನೆಗೆ ಒಪ್ಪಿ, ಮರುವರ್ಷ ಇಪ್ಪತ್ತು ರೈತರಿಗೆ ಸಸಿ ಕೊಟ್ಟು ಶುರುಮಾಡಿತು.

ತಡೆ ಬಿದ್ದ ದಿನ ನನ್ನ ಪರಿಚಯದವರೆಲ್ಲ ಗೆದ್ದೆವು ಎಂದರು. ನಾನೂ ಸಂತೋಷಪಟ್ಟೆ. ಆ ಸಂತೋಷ ಅರ್ಧ ಮಾತ್ರ ನಿಜವಾಗಿತ್ತು ಎಂದು ಇಂದು ಅನ್ನಿಸುತ್ತದೆ. ಎಣ್ಣೆಗಾಯಿಯಲ್ಲಿ ಕಾಯಿಯೊಂದೇ ಇರುವುದಿಲ್ಲವಲ್ಲ. ಅವ್ವ ಮುಳಗಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳಿ, ಹುರಿದ ಶೇಂಗಾ, ಗುರೆಳ್ಳು, ಕೊಬ್ಬರಿ, ಮಸಾಲೆ ಖಾರ ತುಂಬಿ, ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ತೇಲುವ ತನಕ ಬೇಯಿಸುತ್ತಿದ್ದಳು. ಅವಳ ಕಾಲಕ್ಕೆ ಅದು ಗಾಣದ ಶೇಂಗಾ ಎಣ್ಣೆ, ಇಲ್ಲವೇ ಕುಸುಬಿ ಎಣ್ಣೆ. ಇಂದು ಪೊಟ್ಟಣದಿಂದ ಸುರಿಯುವ ಎಣ್ಣೆ ಎಲ್ಲಿಂದ ಬಂತು?

ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಈಗ ಬೆಳೆಯುವ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಿಟಿ. ಅರಳೆ ಬಟ್ಟೆಯಾಗುತ್ತದೆ, ಬೀಜ ಎಣ್ಣೆಯಾಗುತ್ತದೆ. ಚೂಡಾ, ಶೇವು, ಚಿಪ್ಸಿನ ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಹಲವುಗಳಲ್ಲಿ ಹತ್ತಿಬೀಜದ ಎಣ್ಣೆ ಎಂದಿರುತ್ತದೆ. ಎಣ್ಣೆ ತೆಗೆದ ಹಿಂಡಿ ದನಕ್ಕೆ ಹೋಗುತ್ತದೆ. ಎಣ್ಣೆ ತೆಗೆಯದ ಹತ್ತಿಕಾಳನ್ನು ನೆನೆಹಾಕಿ ರುಬ್ಬಿ ಎಮ್ಮೆಗೆ ಇಡುವುದು ನಮ್ಮ ಕಡೆಯ ಹಳೆಯ ರೂಢಿ, ಹಾಲು ಗಟ್ಟಿಯಾಗಲಿ ಎಂದು. ಕುಲಾಂತರಿ ಸೋಯಾದಿಂದ ತೆಗೆದ ಎಣ್ಣೆಯನ್ನು ಆಮದು ಮಾಡಲು 2007ರಲ್ಲೇ ಒಪ್ಪಿಗೆ ಸಿಕ್ಕಿತು. ನಮಗೆ ಬರುವ ಸೋಯಾ ಎಣ್ಣೆಯ ಬಹುಪಾಲು ಅರ್ಜೆಂಟೀನಾ, ಬ್ರೆಜಿಲ್‌ಗಳದ್ದು, ಅಲ್ಲಿನ ಸೋಯಾ ಹೆಚ್ಚುಕಡಿಮೆ ಎಲ್ಲವೂ ಕುಲಾಂತರಿ. 2021ರಲ್ಲಿ ಕೋಳಿ ಆಹಾರ ದುಬಾರಿಯಾದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಲು ಸರ್ಕಾರ ಅನುಮತಿ ಕೊಟ್ಟಿತು. ಆಗ ಯಾವ ಊರಿನಲ್ಲೂ ಸಭೆ ಸೇರಲಿಲ್ಲ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅದು ತಿರುಗಿ ಬಿದ್ದಿದೆ. ಬದನೆಕಾಯಿಯನ್ನು ಬೇಡವೆಂದು ಎತ್ತಿಟ್ಟೆವು, ಅದನ್ನು ಕರಿಯುವ ಎಣ್ಣೆಯನ್ನು ಕೇಳದೆ ಸುರಿದುಕೊಂಡೆವು.

ಈ ಎಣ್ಣೆ ವಿಷ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳು ಸುರಕ್ಷತೆಯ ಪರೀಕ್ಷೆ ದಾಟಿ ಬಂದಿವೆ, ಅವುಗಳಿಂದ ಮನುಷ್ಯರ ಆರೋಗ್ಯಕ್ಕೆ ಅಪಾಯವಾಗುವ ಸಂಭವ ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ನೂರಾರು ಅಧ್ಯಯನ ತೂಗಿ ನೋಡಿ, ಕುಲಾಂತರಿ ಆಹಾರ ಮಾಮೂಲಿ ಆಹಾರಕ್ಕಿಂತ ಹೆಚ್ಚು ಅಪಾಯಕಾರಿ ಎನ್ನಲು ಆಧಾರ ಸಿಗಲಿಲ್ಲ ಎಂದವು. ಶುದ್ಧೀಕರಿಸಿದ ಎಣ್ಣೆಯಲ್ಲಿ ವಂಶವಾಹಿಯಾಗಲಿ ಪ್ರೋಟೀನಾಗಲಿ ಉಳಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಎಮ್ಮೆ ತಿಂದದ್ದು ಎಮ್ಮೆಯ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಇದನ್ನೆಲ್ಲ ನಾನು ಒಪ್ಪುತ್ತೇನೆ. ಬಾಂಗ್ಲಾದ ಹಾಗೆ ಸರ್ಕಾರಿ ಸಂಸ್ಥೆಯೇ ಬೀಜ ಕೊಟ್ಟು, ರೈತ ಅದನ್ನು ಎತ್ತಿಟ್ಟುಕೊಳ್ಳುವ ಹಾಗಿದ್ದು, ಸಂತೆಯಲ್ಲಿ ಇದು ಬಿಟಿ ಎಂದು ಹೇಳಿ ಮಾರಿದರೆ ನಾನು ಕೊಂಡು ತಿಂದೇನು. ವಾರಕ್ಕೆರಡು ಸಲ ಎಣ್ಣೆ ಕುಡಿದ ಕಾಯಿಗಿಂತ ಅದು ನನ್ನ ಮೊಮ್ಮಕ್ಕಳಿಗೆ ಮೇಲೇ ಇದ್ದೀತು.

ನನ್ನ ಸಿಟ್ಟಿರುವುದು ಹೇಳದೆ ತಿನ್ನಿಸುವುದರ ಮೇಲೆ. ಜನ ಕುಲಾಂತರಿಯನ್ನು ಬೇಡವೆಂದರೆ ದೊಡ್ಡ ದೊಡ್ಡವರು ಒಂದೇ ಮಾತು ಹೇಳುತ್ತಾರೆ: ಜನಕ್ಕೆ ವಿಜ್ಞಾನ ತಿಳಿಯದು, ಹೊಸದೆಂದರೆ ಹೆದರುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ರಾಗಿ ಲಕ್ಷ್ಮಣಯ್ಯನವರು ನೆನಪಾಗುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಅವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಾಫ್ ಎಂಬ ಹೆಸರೇ ಇಂಡಿಯಾ, ಆಫ್ರಿಕಾ ಸೇರಿದ್ದು. ಹೊರಗಿನ ರಾಗಿ ಬೆರೆತಿದೆ ಎಂದು ಹಳೆಯ ಮೈಸೂರಿನ ಯಾರೂ ಮುದ್ದೆ ಬಿಡಲಿಲ್ಲ. ನಮ್ಮ ಧಾರವಾಡದಿಂದ 1972ರಲ್ಲಿ ಬಿ.ಎಚ್. ಕಟರಕಿಯವರ ವರಲಕ್ಷ್ಮಿ ಹತ್ತಿ ಬಂತು, ಎರಡು ಬೇರೆ ಜಾತಿಯ ಹತ್ತಿಗಳ ಸಂಕರ. ರೈತರು ಅದನ್ನು ಮನೆಮಗಳಂತೆ ಕರೆದುಕೊಂಡರು. ಹೊಸ ಬೀಜವನ್ನು ಈ ನಾಡು ಎಂದೂ ಬಾಗಿಲಲ್ಲಿ ನಿಲ್ಲಿಸಿದ್ದಿಲ್ಲ. ಆ ಬೀಜ ತಂದವರು ಯಾರು, ಎಲ್ಲಿ ಬೆಳೆಸಿದರು, ಅದರಲ್ಲಿ ಏನಿದೆ ಎಂಬುದು ಊರಿಗೆ ಗೊತ್ತಿತ್ತು. ಹೊಲಕ್ಕೆ ಬಂದು ಹೇಳುವವರಿದ್ದರು.

ಜನರ ಹೆದರಿಕೆಯಲ್ಲಿ ಕುಲಾಂತರಿ ಎಂಬ ಪದವೂ ಸ್ವಲ್ಪ ಕೆಲಸ ಮಾಡಿದೆ ಎನ್ನಿ. ತಳಿ ಮಾರ್ಪಾಡು ಎಂದರೆ ಹೊಲದ ಮಾತು. ಕುಲಾಂತರಿ ಎಂದ ಕೂಡಲೇ ಕುಲ ಬಂತು, ನಮ್ಮ ಕಿವಿಗೆ ಆ ಶಬ್ದ ಬೀಳುವ ರೀತಿಯೇ ಬೇರೆ.

1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯ ಹೊಲದಲ್ಲಿ ಪರೀಕ್ಷೆಗೆ ಬೆಳೆದಿದ್ದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತು. ದೇಶ ವಿದೇಶದ ಪತ್ರಿಕೆಗಳಲ್ಲಿ ಆ ಬೆಂಕಿ ಸುದ್ದಿಯಾಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೆಂಕಿಗಿಂತ ಹೆಚ್ಚಾಗಿ ಸಂಘ ಆಗ ಹೇಳಿದ ಇನ್ನೊಂದು ವಿಷಯ: ಹೊಲದ ಯಜಮಾನನಿಗೇ ತಾನು ಬಿತ್ತಿದ ಬೀಜ ಎಂಥದ್ದೆಂದು ತಿಳಿಸಿರಲಿಲ್ಲ. ನಾಲ್ಕು ವರ್ಷದಲ್ಲಿ ಅದೇ ಹತ್ತಿಗೆ ಒಪ್ಪಿಗೆ ಬಂತು, ಅದೇ ರಾಯಚೂರಿನ ರೈತರು ಸರದಿಯಲ್ಲಿ ನಿಂತು ಬೀಜ ಕೊಂಡರು. ಮೊದಮೊದಲು ಎಣ್ಣೆ ಹೊಡೆಯುವುದು ತಗ್ಗಿತು. ಆಮೇಲೆ ಗುಲಾಬಿ ಕಾಯಿಕೊರಕ ಆ ಪ್ರೋಟೀನಿಗೆ ಒಗ್ಗಿಕೊಂಡಿತು, ಪಂಪು ಮತ್ತೆ ಬೆನ್ನೇರಿತು. ಬೀಜದ ಬೆಲೆಯೂ, ಪ್ರತಿವರ್ಷ ಕೊಳ್ಳುವ ಅನಿವಾರ್ಯತೆಯೂ ಉಳಿದುಕೊಂಡವು. ಬೆಳೆಯುವವರಿಗೆ ಇದರ ಒಳಿತು ಕೆಡುಕು ಎರಡೂ ಗೊತ್ತು, ಅವರು ನಷ್ಟ ಲಾಭ ಲೆಕ್ಕ ಹಾಕಿ ಮಾತಾಡುತ್ತಾರೆ. ತಿನ್ನುವ ನಮ್ಮ ಕೈಯಲ್ಲಿ ಲೆಕ್ಕ ಹಾಕಲು ಏನೂ ಇಲ್ಲ. ಕೈಯಲ್ಲಿ ಏನೂ ಇಲ್ಲದವನು ಹೆದರುತ್ತಾನೆ, ಅಥವಾ ಎಲ್ಲವನ್ನೂ ನಂಬಿಬಿಡುತ್ತಾನೆ.

ಹೇಳಿ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಘಟನೆಯಿದೆ. 1996ರ ಆರಂಭದಲ್ಲಿ ಅಲ್ಲಿನ ಎರಡು ದೊಡ್ಡ ಅಂಗಡಿ ಸರಪಳಿಗಳು ಕುಲಾಂತರಿ ಟೊಮೆಟೊದಿಂದ ಮಾಡಿದ ಪೇಸ್ಟನ್ನು ಡಬ್ಬಿಯಲ್ಲಿ ಮಾರಾಟಕ್ಕಿಟ್ಟವು. ಕುಲಾಂತರಿ ಟೊಮೆಟೊದಿಂದ ತಯಾರಿಸಿದ್ದು ಎಂದು ಡಬ್ಬಿಯ ಮೇಲೆ ಎದ್ದು ಕಾಣುವ ಹಾಗೆ ಬರೆದಿತ್ತು. ಪಕ್ಕದಲ್ಲೇ ಮಾಮೂಲಿ ಪೇಸ್ಟೂ ಇತ್ತು. ಅದೇ ಬೆಲೆಗೆ ಹೊಸ ಡಬ್ಬಿಯಲ್ಲಿ ಹೆಚ್ಚು ಪೇಸ್ಟು ಸಿಗುತ್ತಿತ್ತು. ಜನ ಓದಿದರು, ಕೊಂಡರು. ಲಕ್ಷಗಟ್ಟಲೆ ಡಬ್ಬಿ ಹೋದವು, ಗಲಾಟೆ ಆಗಲಿಲ್ಲ. ಅದೇ ವರ್ಷದ ಕೊನೆಗೆ ಅಮೆರಿಕದಿಂದ ಕುಲಾಂತರಿ ಸೋಯಾ ಬಂತು, ಮಾಮೂಲಿ ಸೋಯಾದೊಂದಿಗೆ ಬೆರೆತು, ಯಾವ ಗುರುತೂ ಇಲ್ಲದೆ. ಬ್ರೆಡ್ಡಿನಲ್ಲಿ, ಬಿಸ್ಕತ್ತಿನಲ್ಲಿ ತಮಗೆ ಗೊತ್ತಿಲ್ಲದೆ ಇದು ಸೇರಿದೆ ಎಂದು ತಿಳಿದಾಗ ಅದೇ ಜನ ಕೆರಳಿದರು. ಹುಚ್ಚು ಹಸುವಿನ ರೋಗದ ವಿಷಯದಲ್ಲಿ ಸರ್ಕಾರದ ಭರವಸೆ ನಂಬಿ ಮೋಸಹೋದ ನೋವು ಆಗಿನ್ನೂ ಹಸಿಯಾಗಿತ್ತು. 1999ರ ಹೊತ್ತಿಗೆ ಆ ಅಂಗಡಿಗಳು ಟೊಮೆಟೊ ಡಬ್ಬಿಯನ್ನೂ ತೆಗೆದುಹಾಕಿದವು. ಹೇಳದೆ ಬಂದ ಸೋಯಾದಿಂದಾಗಿ, ಹೇಳಿ ಮಾರಿದ ಟೊಮೆಟೊವನ್ನೂ ಜನ ನಂಬದಂತಾಯಿತು.

ನಮ್ಮಲ್ಲಿ ನಿಯಮ ಇಲ್ಲವೆಂದಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಕುಲಾಂತರಿ ಆಹಾರದ ಮಾತಿದೆ, ಪೊಟ್ಟಣದ ಮೇಲಿನ ಬರಹದ ಮಾತೂ ಇದೆ. ಕುಲಾಂತರಿ ಆಹಾರದ ಪ್ರತಿ ಪೊಟ್ಟಣದ ಮುಂಭಾಗದ ತುದಿಯಲ್ಲಿ ಜಿಎಂ ಎಂದು ಬರೆಯಬೇಕೆಂಬ ನಿಯಮವನ್ನು ಕೇಂದ್ರ 2013ರ ಜನವರಿ 1ರಿಂದ ತಂದಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇನ್ನೊಂದು ಕರಡು ಹೊರಡಿಸಿತು. 2024ರ ಜುಲೈ 23ರಂದು ಕುಲಾಂತರಿ ಸಾಸಿವೆಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಅವರಲ್ಲಿ ಒಬ್ಬರು ಕರ್ನಾಟಕ ಹೈಕೋರ್ಟಿನಿಂದ ಹೋದ ಬಿ.ವಿ. ನಾಗರತ್ನ ಅವರು, ಇನ್ನೊಬ್ಬರು ಸಂಜಯ್ ಕರೋಲ್. ಸಾಸಿವೆ ಬೇಕೋ ಬೇಡವೋ ಎಂಬುದರಲ್ಲಿ ಒಮ್ಮತವಾಗದ ಅವರಿಬ್ಬರೂ ಎರಡು ವಿಷಯದಲ್ಲಿ ಒಂದೇ ಮಾತು ಆಡಿದರು. ಎಲ್ಲರೊಂದಿಗೆ ಸಮಾಲೋಚಿಸಿ ಒಂದು ರಾಷ್ಟ್ರೀಯ ನೀತಿ ರೂಪಿಸಬೇಕು. ಆಮದಾಗುವ ಕುಲಾಂತರಿ ಆಹಾರ, ಮುಖ್ಯವಾಗಿ ಖಾದ್ಯ ಎಣ್ಣೆ, ಪೊಟ್ಟಣದ ಬರಹದ ಕಾನೂನನ್ನು ಪಾಲಿಸಲೇಬೇಕು. ಎಣ್ಣೆ ಎಂದು ಹೆಸರಿಟ್ಟೇ ಹೇಳಿದ್ದಾರೆ.

ಈ ತೀರ್ಪು ಓದಿದ ಮೇಲೆ ನಮ್ಮ ಓಣಿಯ ಅಂಗಡಿಯಲ್ಲಿ ಸೋಯಾ ಎಣ್ಣೆಯ ಮೂರು ಬಗೆಯ ಪೊಟ್ಟಣ ಇಳಿಸಿಕೊಂಡು ಕನ್ನಡಕ ಹಾಕಿ ಓದಿದೆ. ವಿಟಮಿನ್ ಎ ಇದೆ, ಡಿ ಇದೆ, ಹಸಿರು ಚುಕ್ಕೆ ಇದೆ, ಹೃದಯದ ಚಿತ್ರವಿದೆ. ಎಲ್ಲಿಯ ಸೋಯಾ, ಎಂಥ ಸೋಯಾ ಎಂಬ ಒಂದು ಅಕ್ಷರವಿಲ್ಲ.

ಎಣ್ಣೆಯಲ್ಲಿ ವಂಶವಾಹಿಯೇ ಸಿಗದಿದ್ದರೆ ಪರೀಕ್ಷೆ ಮಾಡುವುದು ಹೇಗೆ ಎಂದು ಕಂಪನಿಗಳು ಕೇಳುತ್ತವೆ. ಯುರೋಪಿನ ದೇಶಗಳು ಇದಕ್ಕೆ ಆಗಲೇ ಉತ್ತರ ಕಂಡುಕೊಂಡಿವೆ. ಅಲ್ಲಿ ಎಣ್ಣೆಯನ್ನು ಪರೀಕ್ಷಿಸಿ ಗುರುತು ಹಾಕುವುದಿಲ್ಲ, ಬೀಜ ಬಂದ ದಾರಿಯ ಕಾಗದಪತ್ರ ನೋಡಿ ಹಾಕುತ್ತಾರೆ. ಬರೆದರೆ ಜನ ಸುಮ್ಮನೆ ಹೆದರುತ್ತಾರೆ ಎನ್ನುವುದು ಇನ್ನೊಂದು ವಾದ. ನಮ್ಮ ಪೊಟ್ಟಣಗಳ ಹಸಿರು ಚುಕ್ಕೆಯನ್ನೇ ನೋಡಿ. ಬಿಸ್ಕತ್ತಿನಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಚುಕ್ಕೆ ಹಾಕಿ ಹೇಳುತ್ತಿದ್ದೇವೆ. ಮೊಟ್ಟೆ ವಿಷ ಎಂದಲ್ಲ. ಮೊಟ್ಟೆ ತಿನ್ನುವುದೋ ಬಿಡುವುದೋ ಅವರವರ ಮನೆಯ ವಿಷಯ, ಅದನ್ನು ತಿಳಿಯುವ ಹಕ್ಕು ತಿನ್ನುವವರಿಗಿದೆ ಎಂದು ಈ ದೇಶ ಒಪ್ಪಿಕೊಂಡಿದೆ. ಆ ಚುಕ್ಕೆಯಿಂದ ಮೊಟ್ಟೆಯ ವ್ಯಾಪಾರವೇನೂ ನಿಂತಿಲ್ಲ. ಇನ್ನೆರಡು ಅಕ್ಷರಕ್ಕೆ ಪೊಟ್ಟಣದಲ್ಲಿ ಜಾಗವಿದೆ.

ಇದು ಎಣ್ಣೆಗೇ ನಿಲ್ಲುವುದೂ ಇಲ್ಲ. 2025ರ ಮೇ ತಿಂಗಳಲ್ಲಿ ದೇಶದ ಮೊದಲ ಎರಡು ಜೀನೋಮ್ ತಿದ್ದಿದ ಭತ್ತದ ತಳಿಗಳನ್ನು ಸರ್ಕಾರ ಪ್ರಕಟಿಸಿತು. ಒಂದರ ಹೆಸರು ಕಮಲಾ. ಅದನ್ನು ಮಾಡಿದ್ದು ಸಾಂಬಾ ಮಸೂರಿಯನ್ನು ತಿದ್ದಿ, ಅಂದರೆ ತುಂಗಭದ್ರೆಯ ಕಾಲುವೆಯುದ್ದಕ್ಕೂ ನಮ್ಮವರು ಬೆಳೆಯುವ ಭತ್ತವನ್ನು. ಬೇರೆ ಜೀವಿಯ ವಂಶವಾಹಿ ಅದರಲ್ಲಿಲ್ಲ, ಇರುವುದನ್ನೇ ಕತ್ತರಿಸಿ ಸರಿಮಾಡಿದ್ದು. ಆದ್ದರಿಂದ ಅದಕ್ಕೆ ಕುಲಾಂತರಿಯ ಕಟ್ಟುಪಾಡುಗಳು ಅನ್ವಯಿಸುವುದಿಲ್ಲ ಎಂದು 2022ರಲ್ಲೇ ಆದೇಶವಾಗಿದೆ. ಒಳ್ಳೆಯ ಭತ್ತವೇ ಇರಬಹುದು, ಕಡಿಮೆ ನೀರಿಗೆ ಹೆಚ್ಚು ಇಳುವರಿ ಎನ್ನುತ್ತಾರೆ, ನಮ್ಮ ಕಾಲುವೆಯ ಕೊನೆಯ ರೈತರಿಗೆ ಅದು ಬೇಕಾದದ್ದೇ. ಹಾಗಿದ್ದರೆ ಅಕ್ಕಿಯ ಚೀಲದ ಮೇಲೆ ಹೆಸರು ಬರೆಯಲು ಏನು ಅಡ್ಡಿ? ಒಳ್ಳೆಯದನ್ನು ಮಾಡಿದವರು ಮೊದಲ ದಿನದಿಂದಲೇ ಹೇಳಿ ಮಾರಲಿ. ಇಂಡಾಫ್ ರಾಗಿಯನ್ನು ಉಂಡ ಜನ ಇದನ್ನೂ ಉಣ್ಣುತ್ತಾರೆ.

ಓದುಗರಲ್ಲಿ ಒಂದು ಕೋರಿಕೆ. ನಾಳೆ ಎಣ್ಣೆ ತರಲು ಹೋದಾಗ ಪೊಟ್ಟಣವನ್ನು ತಿರುಗಿಸಿ ಓದಿ. ಇದು ಯಾವ ದೇಶದ ಬೀಜ, ಕುಲಾಂತರಿ ಹೌದೋ ಅಲ್ಲವೋ ಎಂದು ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ಸಂಖ್ಯೆಗೆ ಕರೆಮಾಡಿ ಕೇಳಿ. ಉತ್ತರ ಬಾರದಿದ್ದರೆ ಒಂದು ಸಾಲು ಬರೆದು ಆಹಾರ ಸುರಕ್ಷತಾ ಅಧಿಕಾರಿಗೆ ಕಳಿಸಿ, ಪ್ರತಿ ಜಿಲ್ಲೆಯಲ್ಲೂ ಅವರ ಕಚೇರಿ ಇದೆ. ಬದನೆಕಾಯಿಗಾಗಿ ಎಂಟು ಸಾವಿರ ಜನ ಎದ್ದು ನಿಂತಾಗ ಒಬ್ಬ ಸಚಿವರು ಕೂತು ಕೇಳಿದರು. ಎಣ್ಣೆಗಾಗಿ ಇನ್ನೂ ಯಾರೂ ಎದ್ದಿಲ್ಲ.